ಇರಕ್ಕು, ಇರುಕ್ಕು

ಹೊಸೂರಿನ ಹತ್ತಿರ, ವೆಂಕಟರಮಣಪ್ಪನವರ ತೋಟದ ಮನೆಯ ಮುಂದೆ, ಹೊಂಗೆಮರದ ಕೆಳಗೆ, ಹಳೆಯ ಡೀಸೆಲ್ ಪಿಕಪ್ಪು ಹಿಂಭಾಗ ಎತ್ತಿಕೊಂಡು ನಿಂತಿತ್ತು. ಮುಂದಿನ ಗಾಲಿಗಳಿಗೆ ಕಲ್ಲು ಒತ್ತು ಕೊಟ್ಟಿದ್ದರು. ಬಲಗಡೆಯ ಹಿಂಗಾಲಿಯನ್ನು ಕಳಚಿ ಮರಕ್ಕೆ ಒರಗಿಸಿದ್ದರು. ಗಾಲಿ ಇಲ್ಲದ ಅಚ್ಚಿನ ತುದಿ ಒಂದು ಹಲಸಿನ ದಿಮ್ಮಿಯ ಮೇಲೆ ಕೂತಿತ್ತು. ಅಚ್ಚಿನ ಮೇಲಿನ ಗಾಡಿಯ ಮೈಯೆಲ್ಲ ಒಂದೇ ಒಂದು ಎಣ್ಣೆ ಜಾಕಿಯ ಮೇಲೆ ನಿಂತಿತ್ತು. ಜಾಕಿಯ ಪಕ್ಕದಲ್ಲಿ ಶ್ಯಾಮಣ್ಣ ಕುಕ್ಕರುಗಾಲಲ್ಲಿ ಕೂತಿದ್ದ.

ಅಮಾವಾಸ್ಯೆ ಹತ್ತಿರ ಬಂದಿತ್ತು. ವೆಂಕಟರಮಣಪ್ಪನವರ ಮನೆದೇವರು ಮುನೇಶ್ವರ ಅಂಚೆಟ್ಟಿಯಿಂದಾಚೆ ಕಾಡಿನೊಳಗೆ, ಹಳ್ಳದ ದಡದ ಮತ್ತಿಮರದ ಬುಡದಲ್ಲಿ ಇದ್ದಾನೆ. ಅವನಿಗೆ ಗುಡಿಯಿಲ್ಲ, ಗೋಡೆಯಿಲ್ಲ. ವರ್ಷಕ್ಕೊಮ್ಮೆ ಕುಲದವರು ಹೋಗಿ ಮರದಡಿ ಬಿಡಾರ ಹೂಡಿ, ಮೂರು ಕಲ್ಲಿನ ಒಲೆಯಲ್ಲಿ ಅಟ್ಟು ಉಂಡು, ಎರಡು ಮೂರು ರಾತ್ರಿ ಅವನ ಜೊತೆಯಲ್ಲಿ ಇದ್ದು ಬರಬೇಕು. ಎತ್ತಿನ ಗಾಡಿಗಳಿದ್ದಷ್ಟು ಕಾಲ ಅದು ತಪ್ಪಿರಲಿಲ್ಲ. ಎತ್ತು ಕೊಟ್ಟು, ಕಲ್ಲು ಕ್ವಾರಿಯಲ್ಲಿ ಸವೆದುಹೋದ ಈ ಪಿಕಪ್ಪು ತಂದ ವರ್ಷವೇ ತಪ್ಪಿತು. ಅಂಚೆಟ್ಟಿಯ ತನಕ ಟಾರು ರಸ್ತೆಯಲ್ಲಿ ಚೆನ್ನಾಗಿಯೇ ಹೋದ ಗಾಡಿ, ಕಾಡಿನ ದಾರಿಗಿಳಿದು ಹೆಚ್ಚು ದೂರ ಹೋಗಲಿಲ್ಲ. ಹೆಂಗಸರು, ಪಾತ್ರೆ, ಅಕ್ಕಿಮೂಟೆ, ನೀರಿನ ಪೀಪಾಯಿ ಎಲ್ಲದರ ಭಾರಕ್ಕೆ ಹಿಂದಿನ ಕಮಾನುಪಟ್ಟಿ ಕುಸಿದು, ಅಚ್ಚಿನ ನಡುವಿನ ಗೋಳ ಬಂಡೆಗೆ ಬಡಿದು ಕೂತಿತ್ತು. ದೇವರಿಗೆ ಅಲ್ಲಿಂದಲೇ ಕೈಮುಗಿದು ಎಲ್ಲರೂ ನಡೆದು ವಾಪಸು ಬಂದಿದ್ದರು. ಆ ವರ್ಷ ಮನೆಯಲ್ಲಿ ಏನು ಕೆಟ್ಟರೂ, ಹಾಲು ಒಡೆದರೂ, ವೆಂಕಟರಮಣಪ್ಪನವರು ಕಾಡಿನ ದಿಕ್ಕಿಗೆ ನೋಡುತ್ತಿದ್ದರು.

ಅದಕ್ಕೇ ಈ ಸಲ ಗಾಡಿಯನ್ನು ಕಾಡಿಗೆಂದೇ ಸಿದ್ಧಮಾಡುತ್ತಿದ್ದರು. ಹಳ್ಳದ ನೀರು ನುಗ್ಗದ ಹಾಗೆ ಹೊಗೆಕೊಳವೆಯನ್ನು ಮೇಲಕ್ಕೆ ತಿರುಗಿಸಿದ್ದಾಗಿತ್ತು. ಎಂಜಿನ್ನು ಗಾಳಿ ಎಳೆಯುವ ಕೊಳವೆಗೂ ಒಂದು ಉದ್ದನೆಯ ರಬ್ಬರು ಸೊಂಡಿಲು ಕೂಡಿಸಿ ಮುಂಗಾಜಿನ ಮಟ್ಟಕ್ಕೆ ಏರಿಸಿ ಕಟ್ಟಿದ್ದರು. ಹಿಂದಿನ ತೊಟ್ಟಿಯ ಮೇಲೆ ಬಿದಿರು ಬಾಗಿಸಿ ತಾಡಪಾಲು ಹೊದಿಸಿದ್ದರು. ರಾತ್ರಿ ಹೆಂಗಸರು ಮಲಗಲು ಅದೇ ಮನೆ. ಹಾರೆ, ಸಲಿಕೆ, ಸರಪಳಿ ಇವಕ್ಕೆ ಬದಿಯ ತಗಡಿನಲ್ಲಿ ಕೊಕ್ಕೆ ಬಂದಿತ್ತು. ಉಳಿದದ್ದು ಹಿಂದಿನ ಕಮಾನು. ಎರಡು ಕಡೆಯೂ ಒಂದೊಂದು ಹೊಸ ಪಟ್ಟಿ ಸೇರಿಸಿ ಗಾಡಿಯ ಬೆನ್ನು ಎತ್ತರಿಸಬೇಕು. ಅದಾದರೆ ಗೋಳ ಬಂಡೆಗೆ ತಾಗುವುದಿಲ್ಲ, ಮುನೇಶ್ವರನ ಮುಂದೆ ಒಲೆ ಹೊತ್ತುತ್ತದೆ.

ಆ ಕೆಲಸಕ್ಕೆ ಸೂಳಗಿರಿಯ ಲಾರಿ ಶೆಡ್ಡಿನ ಚಿನ್ನಸ್ವಾಮಿ ಬಂದಿದ್ದ. ಕೃಷ್ಣಗಿರಿ ಕಡೆಯವನು. ಊಟಕ್ಕೆ ಕೂತಾಗ ಕನ್ನಡ ಆಡುವನು, ಬೀಡಿ ಸೇದುವಾಗಲೂ ಆಡುವನು. ಕೈ ಕಬ್ಬಿಣ ಮುಟ್ಟಿತೆಂದರೆ ಬಾಯಿಗೆ ತಮಿಳೊಂದೇ ಬರುತ್ತಿತ್ತು. ಅವನ ಸಹಾಯಕ್ಕೆ ಹನುಮಂತರಾಯಪ್ಪ ಇದ್ದ. ಮಧುಗಿರಿ ಕಡೆಯಿಂದ ಬಂದು ಮೂಕಂಡಪಲ್ಲಿಯ ಫ್ಯಾಕ್ಟರಿಯೊಂದರಲ್ಲಿ ಫಿಟ್ಟರಾಗಿದ್ದವನು. ಭಾನುವಾರವಾದರೆ ಸಾಕು, ಕಾಡಿಗೆ ತನ್ನನ್ನೂ ಕರೆದೊಯ್ಯುತ್ತಾರೆಂಬ ಆಸೆಗೆ ಸೈಕಲ್ಲು ತುಳಿದುಕೊಂಡು ತೋಟಕ್ಕೆ ಬರುವನು. ಹೊಸೂರಿಗೆ ಬಂದು ಅಷ್ಟು ಕಾಲವಾದರೂ ತಮಿಳು ಅವನ ತಲೆಗೆ ಹತ್ತಿರಲಿಲ್ಲ. ಬಸ್ಸಿನ ಬೋರ್ಡು ಓದಲಾರದೆ ಬಸ್ಸಿನ ಬಣ್ಣ ನೋಡಿ ಹತ್ತುತ್ತೇನೆ ಎಂದು ತಾನೇ ಹೇಳಿಕೊಂಡು ನಗುವನು.

ಶ್ಯಾಮಣ್ಣ ವೆಂಕಟರಮಣಪ್ಪನವರ ಹೆಂಡತಿ ರಾಮಕ್ಕನ ತಮ್ಮ. ಮಾತು ಕಡಮೆ. ಶನಿವಾರ ಸಂಜೆ ರಾಮದೇವರ ಗುಡಿಯಲ್ಲಿ ಪದ್ಯ ಓದಿಸುವಾಗ ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ಕೂರುವನು. ಅಪ್ಪನ ತೊಡೆಯ ಮೇಲೆ ಕೂತ ಕಾಲದಿಂದ ಕೇಳಿಕೊಂಡು ಬಂದವನು. ಓದುವವರ ಬಾಯಲ್ಲಿ ಒಂದು ಅಕ್ಷರ ಗಿಡ್ಡವಾದರೆ, ಒಂದು ಎಳೆ ತಪ್ಪಿದರೆ, ಅವನು ಕಣ್ಣು ತೆರೆಯುತ್ತಿದ್ದ, ಅಷ್ಟೇ. ಓದುವವರು ಅವನ ಮುಖ ನೋಡಿ ಹಿಂದಕ್ಕೆ ಹೋಗಿ ಪದ್ಯದ ಪಾದವನ್ನು ಮತ್ತೆ ಹಿಡಿಯುತ್ತಿದ್ದರು. ಕನ್ನಡ, ತೆಲುಗು, ತಮಿಳು ಮೂರೂ ಅವನಿಗೆ ಮನೆಯ ಮಾತಿನ ಹಾಗೆ ಬರುತ್ತಿದ್ದವು. ಜಾಕಿಗೆ ಯಾರು ಎಂದಾಗ ಚಿನ್ನಸ್ವಾಮಿ ಅವನನ್ನೇ ಆರಿಸಿದ್ದ. ಹೇಳಿದ್ದನ್ನು ಕೇಳಿ ಅಷ್ಟನ್ನು ಮಾತ್ರ ಮಾಡುವ ಆಳು ಬೇಕು, ಮಾತಾಡುವವರು ಬೇಡ ಎಂದಿದ್ದ.

ಬೆಳಗಿನಿಂದ ಅದು ಸರಿಯಾಗಿಯೇ ನಡೆದಿತ್ತು. ಗಾಡಿಯ ಕೆಳಗಿಂದ "ತೂಕ್ಕು" ಎಂದು ಬಂದರೆ ಎತ್ತು ಎಂದು ಅರ್ಥ. ಶ್ಯಾಮಣ್ಣ ಜಾಕಿಯ ಹಿಡಿಯನ್ನು ಒತ್ತುತ್ತಿದ್ದ. "ಇರಕ್ಕು" ಎಂದು ಬಂದರೆ ಇಳಿಸು ಎಂದು. ಶ್ಯಾಮಣ್ಣ ಜಾಕಿಯ ಬುಡದ ತಿರುಪನ್ನು ಕೂದಲೆಳೆಯಷ್ಟು ಬಿಚ್ಚುತ್ತಿದ್ದ. ಗಾಡಿ ಉಸಿರು ಬಿಟ್ಟಂತೆ ಕೊಂಚ ಇಳಿಯುತ್ತಿತ್ತು. ಆಮೇಲೆ ಮತ್ತೆ ಬಿಗಿ ಮಾಡುತ್ತಿದ್ದ. ಒಂದು ಸಲವೂ ಹೆಚ್ಚಾಗಿರಲಿಲ್ಲ, ಕಡಮೆಯಾಗಿರಲಿಲ್ಲ. ಭೇಷ್ ಎಂದು ಕೆಳಗಿನಿಂದ ಒಂದೆರಡು ಸಲ ಬಂದಿತ್ತು. ಶ್ಯಾಮಣ್ಣನಿಗೆ ಒಳಗೊಳಗೆ ಹಿತವಾಗಿತ್ತು.

ಹೊತ್ತು ನೆತ್ತಿ ದಾಟಿದಾಗ ಹೊಸ ಪಟ್ಟಿ ತನ್ನ ಜಾಗಕ್ಕೆ ಬಂದು ಕೂತಿತು. ಅದನ್ನು ಅಚ್ಚಿಗೆ ಅಪ್ಪಿಸಿ ಹಿಡಿಯುವ ಬೋಲ್ಟುಗಳ ನಟ್ಟು ತಿರುಗಿಸುವುದೊಂದೇ ಬಾಕಿ. ಗಾಡಿಯ ಮೈ ಕೂತಿರುವ ಚಾಸಿಯ ಕೆಳಗೆ ಕಲ್ಲು ಕೊಟ್ಟು ಆಮೇಲೆ ಒಳಗೆ ಹೋಗೋಣ ಎಂದು ಚಿನ್ನಸ್ವಾಮಿ ಅಂದ. ವೆಂಕಟರಮಣಪ್ಪನವರು ಆಗಲಿ ತರುತ್ತೇನೆ ಎಂದು ಬಾವಿಯ ಹಿಂದಕ್ಕೆ ಕಲ್ಲು ನೋಡಲು ಹೋದರು. ಕಲ್ಲು ಬರುವಷ್ಟರಲ್ಲಿ ಪಟ್ಟಿ ಜಾರೀತೆಂದು ಚಿನ್ನಸ್ವಾಮಿಯೇ ಕಾಯದೆ ಕೆಳಗೆ ತೂರಿದ. ಬೆನ್ನ ಮೇಲೆ ಮಲಗಿ, ಬಲಗೈಯನ್ನು ಮೊಣಕೈ ತನಕ ಕಮಾನಿಗೂ ಅದರ ಮೇಲಿನ ಚಾಸಿಯ ಕಬ್ಬಿಣಕ್ಕೂ ನಡುವೆ ತೂರಿಸಿ ಪಟ್ಟಿಯನ್ನು ಹಿಡಿದುಕೊಂಡ. ಹನುಮಂತರಾಯಪ್ಪ ಗಾಲಿಯಿದ್ದ ಜಾಗದಲ್ಲಿ ಕೂತು ನಟ್ಟಿಗೆ ಉದ್ದನೆಯ ಸ್ಪ್ಯಾನರು ಹಾಕಿ ಕಾದ. ಶ್ಯಾಮಣ್ಣ ತಿರುಪಿನ ಮೇಲೆ ಬೆರಳಿಟ್ಟು ಕಾದ.

ಕೆಳಗಿನಿಂದ ಮಾತು ಬಂತು.

ಹನುಮಂತರಾಯಪ್ಪ ಸ್ಪ್ಯಾನರನ್ನು ಜಗ್ಗಿದ. ಅದೇ ಗಳಿಗೆಯಲ್ಲಿ ಶ್ಯಾಮಣ್ಣ ತಿರುಪನ್ನು ಬಿಚ್ಚಿದ.

ಗಾಡಿ ಇಳಿಯಿತು. ಬೆಳಗಿನಿಂದ ಇಳಿದ ಹಾಗೆ ಅಲ್ಲ, ಒಂದೇ ಸಲಕ್ಕೆ. "ಕೈ" ಎಂದು ಚಿನ್ನಸ್ವಾಮಿ ಕೂಗಿದ. ಆ ಮಾತು ಕನ್ನಡಕ್ಕೂ ತಮಿಳಿಗೂ ಒಂದೇ. ಶ್ಯಾಮಣ್ಣ ತಿರುಪನ್ನು ಬಲಕ್ಕೆ ತಿರುವಿ ಬಿಗಿದ. ಗಾಡಿ ನಿಂತಿತು. ಹಿಡಿಯನ್ನು ಒತ್ತಿದ. ಹಿಡಿ ಮಜ್ಜಿಗೆ ಕಡೆದಂತೆ ಸಲೀಸಾಗಿ ಆಡಿತು, ಗಾಡಿ ಮೇಲೇಳಲಿಲ್ಲ. ಮತ್ತೆ ಒತ್ತಿದ. ಜಾಕಿಯ ಬುಡದಿಂದ ಎಣ್ಣೆ ಬೆವರಿನಂತೆ ಒಸರಿ ಕೆಮ್ಮಣ್ಣಿಗೆ ಇಳಿಯಿತು.

ಹನುಮಂತರಾಯಪ್ಪ ಸ್ಪ್ಯಾನರು ಎಸೆದು ಬಂದ.

"ಯಾಕಣ್ಣ ಬಿಟ್ರಿ? ನಂಗಲ್ವಾ ಹೇಳಿದ್ದು? ಇರುಕು ಅಂದ್ರು, ಇರುಕ್ದೆ."

ಆಗ ಶ್ಯಾಮಣ್ಣನಿಗೆ ತಿಳಿಯಿತು. ತಮಿಳಿನಲ್ಲಿ ಇರಕ್ಕು ಎಂದರೆ ಇಳಿಸು, ಇರುಕ್ಕು ಎಂದರೆ ಬಿಗಿ ಮಾಡು. ಬಂದದ್ದು ಎರಡನೆಯದು, ಸ್ಪ್ಯಾನರು ಹಿಡಿದವನಿಗೆ. ತಮಿಳೇ ಬಾರದ ಹನುಮಂತರಾಯಪ್ಪ ಅದನ್ನು ತನ್ನ ಊರಿನ ಇರುಕು, ಅದುಮಿ ಬಿಗಿ ಮಾಡು, ಎಂದು ತಿಳಿದು ಸರಿಯಾದದ್ದನ್ನೇ ಮಾಡಿದ್ದ. ತಮಿಳು ಬಲ್ಲ ಶ್ಯಾಮಣ್ಣ ಒಂದು ಉಕಾರವನ್ನು ಕಳೆದುಕೊಂಡಿದ್ದ. ಪದ್ಯದಲ್ಲಾಗಿದ್ದರೆ ಕಣ್ಣು ತೆರೆದುಬಿಡುತ್ತಿದ್ದ.

ಅಷ್ಟರಲ್ಲಿ ಕಲ್ಲು ಹೊತ್ತು ಬಂದ ವೆಂಕಟರಮಣಪ್ಪನವರು ಕಲ್ಲನ್ನು ಕಾಲ ಮೇಲೇ ಹಾಕಿಕೊಳ್ಳುವಂತೆ ಕೆಳಗೆ ಬಿಟ್ಟರು. ಬಗ್ಗಿ ನೋಡಿದರು. ಮುಖ ಬೆಳ್ಳಗಾಯಿತು. ಬೇರೆ ಜಾಕಿ ಬೇಕು, ಆಳುಗಳು ಬೇಕು ಎಂದು ಅವರೇ ಹೇಳಿಕೊಂಡರು. ಅಕ್ಕಪಕ್ಕದ ತೋಟದವರೆಲ್ಲ ಸಂತೆಗೆ ಹೋಗಿದ್ದರು. ಮತ್ತಿಗಿರಿಯ ರಸ್ತೆಯಲ್ಲಿ ಲಾರಿಯಾದರೂ ಸಿಕ್ಕೀತೆಂದು ಹನುಮಂತರಾಯಪ್ಪನ ಸೈಕಲ್ಲು ತೆಗೆದುಕೊಂಡು ಹೊರಟರು. ಹೊರಡುವಾಗ ತಿರುಗಿ ಒಂದು ಮಾತು ಹೇಳಿದರು.

"ಶ್ಯಾಮಾ, ನೀನು ಅದನ್ನ ಮುಟ್ಬ್ಯಾಡ."

ಶ್ಯಾಮಣ್ಣ ಜಾಕಿಯಿಂದ ಕೈ ತೆಗೆದ.

ಆದರೆ ಜಾಕಿ ಯಾರೂ ಮುಟ್ಟದೆಯೂ ಇಳಿಯುತ್ತಿತ್ತು. ಕಣ್ಣಿಗೆ ಕಾಣುವಷ್ಟಲ್ಲ. ಎಣ್ಣೆಯ ಕಲೆ ಅಗಲವಾಗುತ್ತಿದ್ದದ್ದು ಮಾತ್ರ ಕಾಣುತ್ತಿತ್ತು. ಕೆಳಗಿನಿಂದ ಚಿನ್ನಸ್ವಾಮಿಯ ಉಸಿರು ಕೇಳುತ್ತಿತ್ತು, ಎಳೆಯುವಾಗ ಉದ್ದ, ಬಿಡುವಾಗ ಗಿಡ್ಡ. ಹನುಮಂತರಾಯಪ್ಪ ಒಲೆಗೆಂದು ಕೂಡಿಹಾಕಿದ್ದ ಚಪ್ಪಡಿ ಕಲ್ಲುಗಳನ್ನು ತಂದು ಚಾಸಿಯ ಕೆಳಗೆ ಒಂದರ ಮೇಲೊಂದು ಪೇರಿಸಿದ. ಮೇಲುಳಿದ ಸಂದಿಗೆ ಮರದ ಬೆಣೆಗಳನ್ನಿಟ್ಟು ಸುತ್ತಿಗೆಯಿಂದ ಹೊಡೆದ. ಪ್ರತಿ ಏಟಿಗೂ ಕೆಳಗಿನಿಂದ ಒಂದು ನರಳು ಬರುತ್ತಿತ್ತು. ಕೊನೆಗೆ ಚಾಸಿ ಕಲ್ಲಿನ ಮೇಲೆ ಕೂತಿತು. ಇನ್ನು ಇಳಿಯಲಾರದು. ಆದರೆ ಕೈ ಸಿಕ್ಕಿಕೊಂಡಲ್ಲೇ ಇತ್ತು.

ಕಲ್ಲಿನ ಸದ್ದಿಗೆ ರಾಮಕ್ಕ ಒಳಗಿನಿಂದ ಬಂದಳು. ಬಿಡಾರಕ್ಕೆ ಒಯ್ಯುವ ಹುರಿಹಿಟ್ಟು ಅವಳ ಕೈಗೆಲ್ಲ ಮೆತ್ತಿತ್ತು. ಏನಾಯಿತೆಂದು ಹನುಮಂತರಾಯಪ್ಪ ಹೇಳುತ್ತಿದ್ದಾಗ ಅವಳು ತಮ್ಮನ ಮುಖವನ್ನೇ ನೋಡುತ್ತಿದ್ದಳು. ಅವನು ತಲೆ ಎತ್ತಲಿಲ್ಲ. ಅವಳು ಚೊಂಬಿನಲ್ಲಿ ನೀರು ತಂದು, ನೆಲಕ್ಕೆ ಕೆನ್ನೆಯಿಟ್ಟು, ಕೈ ಚಾಚಿ ಚಿನ್ನಸ್ವಾಮಿಯ ತುಟಿಗೆ ಒದ್ದೆ ಸೆರಗು ಮುಟ್ಟಿಸಿದಳು. ಬೆರಳುಗಳು ನೀಲಿಯಾಗುತ್ತಿವೆ ಎಂದು ಎದ್ದು ಬಂದು ಮೆಲ್ಲಗೆ ಹೇಳಿದಳು.

ಹನುಮಂತರಾಯಪ್ಪ ಸನ್ನೆಗೋಲು ಹಾಕಿ ಎತ್ತೋಣ ಎಂದ. ಬಾವಿಯ ಕಡೆಯಿಂದ ಏತದ ಹಳೆಯ ಮರ ತಂದರು. ಕಲ್ಲಿನ ಮೇಲೆ ಆನಿಸಿ, ತುದಿಯನ್ನು ತೊಟ್ಟಿಯ ಕೆಳಗೆ ಕೊಟ್ಟು, ಮೂವರೂ ಇನ್ನೊಂದು ತುದಿಗೆ ಜೋತುಬಿದ್ದರು. ಗಾಡಿ ಮೇಲೇಳಲಿಲ್ಲ, ಮುಂದಕ್ಕೆ ವಾಲಿತು. ಮುಂಗಾಲಿಯ ಕಲ್ಲೊಂದು ಕಿರ್ ಎಂದು ಜರುಗಿತು. ಕೆಳಗಿನಿಂದ ಬಂದ ದನಿ ಮನುಷ್ಯರದ್ದೆನಿಸಲಿಲ್ಲ. ಮೂವರೂ ಮರವನ್ನು ಬಿಟ್ಟರು. ಹನುಮಂತರಾಯಪ್ಪ ಓಡಿ ಹೋಗಿ ಆ ಕಲ್ಲನ್ನು ಒದ್ದು ಮತ್ತೆ ಗಾಲಿಗೆ ಸೇರಿಸಿದ. ರಸ್ತೆಯ ಕಡೆ ನೋಡಿದರು. ಧೂಳಿರಲಿಲ್ಲ, ಸದ್ದಿರಲಿಲ್ಲ.

ಆಮೇಲೆ ಚಿನ್ನಸ್ವಾಮಿ ಮಾತಾಡಿದ.

ದನಿ ಬಹಳ ಸಣ್ಣಗಿತ್ತು. ಮೊದಲು ಏನೋ ಒಂದು, ಅದು ಗಂಟಲಲ್ಲೇ ಉಳಿಯಿತು. ಅದರ ಹಿಂದೆಯೇ ಬಂದದ್ದು ಆ ಮಾತು. ಹಲ್ಲು ಕಚ್ಚಿಕೊಂಡು ಆಡಿದ್ದರಿಂದ ನಡುವಿನ ಅಕ್ಷರ ನಜ್ಜುಗುಜ್ಜಾಗಿತ್ತು. ಇನ್ನೊಂದು ಸಲ ಆಡಿದ, ಅದೂ ಹಾಗೆಯೇ.

"ಇರುಕು ಅಂತಾವ್ರೆ," ಎಂದ ಹನುಮಂತರಾಯಪ್ಪ. ಕೈಯಲ್ಲಿ ಇನ್ನೂ ಎರಡು ಬೆಣೆ ಉಳಿದಿದ್ದವು. ದಿಮ್ಮಿಗೂ ಅಚ್ಚಿಗೂ ನಡುವೆ ಬೆಣೆ ಇರುಕು ಅಂತ ಹೇಳುತ್ತಿದ್ದಾರೆ, ಅಚ್ಚು ಎದ್ದರೆ ಗಾಡಿ ಎಲ್ಲ ತಾನೇ ಏಳುತ್ತದೆ ಎಂದು ವಿವರಿಸಿದ. ಸುತ್ತಿಗೆ ತೆಗೆದುಕೊಂಡ.

ಶ್ಯಾಮಣ್ಣನಿಗೆ ಇರಕ್ಕು ಎಂದು ಕೇಳಿಸಿತ್ತು. ಮತ್ತೆ ಇರಕ್ಕು ಎಂದೇ ಕೇಳಿಸಿತ್ತು. ಆದರೆ ಮೊದಲ ಸಲವೂ ಹಾಗೇ ಕೇಳಿಸಿರಲಿಲ್ಲವೇ?

"ತಾಳು," ಎಂದ.

"ತಾಳಕ್ಕೆ ಹೊತ್ತೆಲ್ಲೈತೆ ಅಣ್ಣ? ಹೋದ ಸಲ ಸರಿಯಾಗಿ ಕೇಳಿದ್ದು ಯಾರು, ನೀವಾ ನಾನಾ?"

ರಾಮಕ್ಕನೂ ತಮ್ಮನ ತೋಳು ಹಿಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಹೆಚ್ಚು ನೋವಾದದ್ದು. "ಬ್ಯಾಡ ಕಣೋ ಶ್ಯಾಮ. ಅವರು ಕಬ್ಣದ ಕೆಲ್ಸ ಗೊತ್ತಿರೋರು. ಮಾಡ್ಲಿ ಬುಡು."

ಹನುಮಂತರಾಯಪ್ಪ ಬೆಣೆಯ ಮೂತಿಯನ್ನು ಅಚ್ಚಿನ ಕೆಳಗಿಟ್ಟು ಸುತ್ತಿಗೆ ಎತ್ತಿದ. ಶ್ಯಾಮಣ್ಣ ಅಕ್ಕನ ಕೈ ಬಿಡಿಸಿಕೊಂಡು, ಬೇರೇನೂ ತೋಚದೆ, ನೆಲಕ್ಕೆ ಬಿದ್ದು ಗಾಡಿಯ ಕೆಳಗೆ ನುಗ್ಗಿದ. ಸುತ್ತಿಗೆ ಮೇಲೆಯೇ ನಿಂತಿತು. ಹನುಮಂತರಾಯಪ್ಪ ಬಯ್ದದ್ದು ಅವನ ಕಾಲುಗಳಿಗೆ ಕೇಳಿಸಿರಬೇಕು, ಕಿವಿಗೆ ಕೇಳಿಸಲಿಲ್ಲ.

ಒಳಗೆ ಡೀಸೆಲ್ಲು, ಬೆವರು, ಬಿಸಿ ಮಣ್ಣು ಮೂರರ ವಾಸನೆ. ಬೆನ್ನ ಮೇಲೆಯೇ ಕಬ್ಬಿಣ. ತಲೆ ಎತ್ತಿದರೆ ತಾಗುತ್ತಿತ್ತು. ಮೊಣಕೈಯಿಂದ ತೆವಳಿಕೊಂಡು ಹೋಗಿ ಚಿನ್ನಸ್ವಾಮಿಯ ಮುಖಕ್ಕೆ ಮುಖ ಕೊಟ್ಟು ಮಲಗಿದ. ಅವನ ಕಣ್ಣು ಅರ್ಧ ಮುಚ್ಚಿತ್ತು. ಕೆನ್ನೆಯ ಮೇಲೆ ಇರುವೆಯೊಂದು ಹರಿಯುತ್ತಿತ್ತು. ಶ್ಯಾಮಣ್ಣ ಅದನ್ನು ತೆಗೆದ.

"ಚಿನ್ನಸ್ವಾಮಿ, ಇನ್ನೊಂದು ಕಿತ ಅನ್ನು. ನನ್ ಕಡೆ ನೋಡ್ಕೊಂಡು ಅನ್ನು."

ಚಿನ್ನಸ್ವಾಮಿ ಕಣ್ಣು ತೆರೆದ. ಎದುರಿಗಿರುವುದು ಯಾರೆಂದು ತಿಳಿದಾಗ ಆ ಕಣ್ಣಲ್ಲಿ ಒಂದು ಹೆದರಿಕೆ ಹಾದುಹೋದದ್ದನ್ನು ಶ್ಯಾಮಣ್ಣ ಕಂಡ. ತಪ್ಪಿಸಿಕೊಂಡು ಹೋಗಲು ಜಾಗವಿರಲಿಲ್ಲ, ಇಬ್ಬರಿಗೂ. ಪದ್ಯ ಕೇಳುವಾಗ ಶ್ಯಾಮಣ್ಣ ಎಂದೂ ಓದುವವರ ಬಾಯಿ ನೋಡಿದವನಲ್ಲ. ಕಣ್ಣು ಮುಚ್ಚಿದರೆ ಕಿವಿ ದೊಡ್ಡದಾಗುತ್ತದೆ ಎಂದು ಅಪ್ಪ ಹೇಳಿಕೊಟ್ಟಿದ್ದ. ಈಗ ಕಣ್ಣು ಬಿಟ್ಟು ಆ ಒಣಗಿದ ತುಟಿಗಳನ್ನೇ ನೋಡಿದ.

ಉಕಾರವಾದರೆ ತುಟಿ ಮುಂದಕ್ಕೆ ಬಂದು ದುಂಡಾಗಬೇಕು.

ಚಿನ್ನಸ್ವಾಮಿ ಅಂದ. ದನಿಯೇ ಹೊರಡಲಿಲ್ಲ, ತುಟಿ ಮಾತ್ರ ಆಡಿತು. ಅದು ನಡುವಿನಲ್ಲಿ ದುಂಡಾಗಲಿಲ್ಲ, ಅಗಲವಾಗಿ ತೆರೆದು, ಕೊನೆಗೆ ಕೂಡಿತು.

"ಇರಕ್ಕು," ಎಂದ ಶ್ಯಾಮಣ್ಣ. "ಇಳಿಸ್ಬೇಕು. ಏನನ್ನ?"

ಚಿನ್ನಸ್ವಾಮಿಯ ಕಣ್ಣು ಪಕ್ಕಕ್ಕೆ, ಕೆಳಕ್ಕೆ ಹೊರಳಿತು. ಅಲ್ಲಿ ದಿಮ್ಮಿ ಇತ್ತು. ಶ್ಯಾಮಣ್ಣ ಆಗ ಕೈ ಸಿಕ್ಕಿಕೊಂಡ ಜಾಗವನ್ನು ಮೊದಲ ಸಲ ಸರಿಯಾಗಿ ನೋಡಿದ. ಮೇಲೆ ಚಾಸಿಯ ಕಬ್ಬಿಣ. ಅದು ಕಲ್ಲಿನ ಮೇಲೆ ಕೂತಿದೆ, ಅಲುಗದು. ಕೆಳಗೆ ಕಮಾನು, ಕಮಾನಿನ ಕೆಳಗೆ ಅಚ್ಚು, ಅಚ್ಚಿನ ಕೆಳಗೆ ದಿಮ್ಮಿ, ದಿಮ್ಮಿಯ ಕೆಳಗೆ ನೆಲ. ಕೈ ಎರಡರ ನಡುವೆ. ಅಚ್ಚು ಮೇಲೆದ್ದರೆ ಕಮಾನು ಕೈಯನ್ನು ಚಾಸಿಗೆ ಇಟ್ಟು ಅರೆದುಬಿಡುತ್ತದೆ. ದಿಮ್ಮಿ ಇಳಿದರೆ ಅಚ್ಚು ಇಳಿಯುತ್ತದೆ. ಗಾಡಿಯನ್ನು ಎತ್ತಲಾರದವರು ನೆಲವನ್ನು ತಗ್ಗಿಸಬಹುದು.

ಅಚ್ಚಿನಡಿಯ ಬೆಣೆ ತೆಗೆ ಎಂದು ಒಳಗಿಂದಲೇ ಹೇಳಿದ. ದಿಮ್ಮಿಯ ಬುಡ ಅಗೆಯಬೇಕು, ಕುಡುಗೋಲು ಕೊಡು, ಹಾರೆ ಬೇಡ, ಹಾರೆ ಬಿದ್ದರೆ ದಿಮ್ಮಿ ಒಮ್ಮೆಗೇ ಉರುಳುತ್ತದೆ ಎಂದ. ಶ್ಯಾಮಣ್ಣ ಅಷ್ಟು ಮಾತು ಒಟ್ಟಿಗೆ ಆಡಿದ್ದನ್ನು ರಾಮಕ್ಕ ಕೇಳಿರಲಿಲ್ಲ. ಅವಳು ಕುಡುಗೋಲು ತಂದು ಒಳಗೆ ಸರಿಸಿದಳು. ಹನುಮಂತರಾಯಪ್ಪ ಇನ್ನೂ ಬೆಣೆ ಹಿಡಿದು ನಿಂತಿದ್ದ. ಅವನು ಬಗ್ಗಿ, ಒಂದು ಕಣ್ಣು ಮುಚ್ಚಿ, ಅಚ್ಚನ್ನೂ ಚಾಸಿಯನ್ನೂ ಬಹಳ ಹೊತ್ತು ನೋಡಿದ. ಆಮೇಲೆ ಬೆಣೆಗಳನ್ನು ದೂರ ಎಸೆದ.

"ಅಣ್ಣ, ನಾನು ಹೊಡ್ದಿದ್ರೆ..." ಎಂದ. ಹೋಗಿ ಪೇರಿಸಿದ ಕಲ್ಲುಗಳಿಗೆ ಭುಜ ಕೊಟ್ಟು, ಅವು ಜರುಗದ ಹಾಗೆ ತಬ್ಬಿ ಕೂತ. ಅವು ಜರುಗಿದರೆ ಅವನ ಭುಜ ತಡೆಯುವುದಿಲ್ಲ ಎಂದು ಮೂವರಿಗೂ ಗೊತ್ತಿತ್ತು.

ನೆಲ ಗಟ್ಟಿ. ಬೇಸಿಗೆಯ ಕೆಂಪು ಗರಸು. ಕುಡುಗೋಲಿನ ಮೂತಿ ಕಿಡಿ ಹಾರಿಸಿತೇ ಹೊರತು ಮಣ್ಣು ಎಬ್ಬಿಸಲಿಲ್ಲ. ಶ್ಯಾಮಣ್ಣನ ಬೆರಳ ಉಗುರು ಕಿತ್ತು ಬಂತು. ಇನ್ನೊಂದು ಕಡೆಯಿಂದ ರಾಮಕ್ಕ ಬಿಂದಿಗೆ ನೀರನ್ನು ದಿಮ್ಮಿಯ ಬುಡಕ್ಕೆ ಸಣ್ಣಗೆ ಬಿಟ್ಟಳು, ಸಸಿಗೆ ಬಿಡುವ ಹಾಗೆ. ನೀರು ಇಂಗುವ ತನಕ ಕಾಯಬೇಕಾಯಿತು. ಕಾಯುವುದು ಅಗೆಯುವುದಕ್ಕಿಂತ ಕಷ್ಟವಾಗಿತ್ತು. ಚಿನ್ನಸ್ವಾಮಿಯ ಕಣ್ಣು ಮತ್ತೆ ಮುಚ್ಚುತ್ತಿತ್ತು. ಅವನನ್ನು ಎಚ್ಚರವಾಗಿಡಲು ಏನಾದರೂ ಮಾತಾಡಬೇಕು. ಶ್ಯಾಮಣ್ಣನಿಗೆ ಮಾತು ಬಾರದು. ದೇವರ ಹೆಸರನ್ನು ಹೇಳತೊಡಗಿದ, ಮುನೇಶ್ವರಾ ಮುನೇಶ್ವರಾ ಎಂದು, ಬರೀ ಅದೊಂದನ್ನೇ, ಕಿವಿಯ ಹತ್ತಿರ. ಅದು ಪ್ರಾರ್ಥನೆಯೋ ಕರೆಯುವುದೋ ಅವನಿಗೂ ತಿಳಿಯಲಿಲ್ಲ.

ಮಣ್ಣು ಮೆತ್ತಗಾಯಿತು. ಕುಡುಗೋಲು ಒಳಗಿಳಿಯಿತು. ಒಂದೊಂದು ಹಿಡಿಯಾಗಿ ಕೆಸರನ್ನು ಬಳಿದು ಹಿಂದಕ್ಕೆ ತಳ್ಳಿದ. ದಿಮ್ಮಿ ಒಮ್ಮೆ ಲಟ್ ಎಂದಿತು. ಎಲ್ಲರೂ ಉಸಿರು ಹಿಡಿದರು. ಏನೂ ಆಗಲಿಲ್ಲ. ಮತ್ತೆ ಬಳಿದ. ದಿಮ್ಮಿ ಒಂದು ಪಕ್ಕಕ್ಕೆ ಕೆಸರಿನಲ್ಲಿ ಹೂತು ಕೂತಿತು. ಅಚ್ಚು ಅದರ ಜೊತೆಗೇ ಇಳಿಯಿತು. ಕಮಾನು ಬಾಗಿ ಚಾಸಿಯಿಂದ ಕೆಳಕ್ಕೆ ಸರಿಯಿತು. ಬೆರಳಗಲದ ಬೆಳಕು ಕಂಡಿತು.

ಶ್ಯಾಮಣ್ಣ ಆ ಕೈಯನ್ನು ಮೊಣಕೈ ಹತ್ತಿರ ಹಿಡಿದು, ಗಾಯದ ಮೇಲೆ ಬೆರಳು ಬೀಳದ ಹಾಗೆ, ಮೆಲ್ಲನೆ ಈಚೆ ತಂದ. ಚಿನ್ನಸ್ವಾಮಿ ಕೂಗಲಿಲ್ಲ. ಕೈ ಬಂದ ಮೇಲೆ, ಅದನ್ನು ಎದೆಯ ಮೇಲೆ ಇಟ್ಟ ಮೇಲೆ, ಕೂಗಿದ.

ವೆಂಕಟರಮಣಪ್ಪನವರು ಹೂಕೋಸು ತುಂಬಿದ ಲಾರಿಯೊಂದನ್ನು ನಿಲ್ಲಿಸಿ ಕರೆತಂದಾಗ ಚಿನ್ನಸ್ವಾಮಿ ಮರದ ಕೆಳಗೆ ರಾಮಕ್ಕನ ಮಡಿಲಿಗೆ ತಲೆಯೊರಗಿಸಿ ಮಲಗಿದ್ದ. ಶ್ಯಾಮಣ್ಣ ಮೈಯೆಲ್ಲ ಕೆಸರಾಗಿ ಸ್ವಲ್ಪ ದೂರದಲ್ಲಿ ಕೂತಿದ್ದ.

ಚಿನ್ನಸ್ವಾಮಿಯ ಮುಂಗೈಯ ಒಂದು ಮೂಳೆ ಮುರಿದಿತ್ತು. ಬೆರಳುಗಳು ಉಳಿದವು. ಮೊದಲೆರಡು ದಿನ ಅದನ್ನು ಆಸ್ಪತ್ರೆಯವರು ಖಚಿತವಾಗಿ ಹೇಳಲಿಲ್ಲ. ಆ ದಿನಗಳಲ್ಲಿ ಶ್ಯಾಮಣ್ಣ ಅಲ್ಲಿನ ಬೆಂಚಿನ ಮೇಲೆಯೇ ಇದ್ದ. ಚಿನ್ನಸ್ವಾಮಿಯ ಹೆಂಡತಿ ಅವನ ಜೊತೆ ಮಾತಾಡಲಿಲ್ಲ, ಆದರೆ ತಂದ ಗಂಜಿಯಲ್ಲಿ ಅವನಿಗೂ ಒಂದು ಲೋಟ ಬಗ್ಗಿಸುತ್ತಿದ್ದಳು. ಅಮಾವಾಸ್ಯೆ ಬಂತು, ಹೋಯಿತು. ಶನಿವಾರಗಳೂ ಹೋದವು. ಗುಡಿಯಲ್ಲಿ ಕಂಬದ ಬುಡ ಖಾಲಿಯಿತ್ತು.

ಒಂದು ಬೆಳಿಗ್ಗೆ ಚಿನ್ನಸ್ವಾಮಿ ತಾನಾಗಿಯೇ ಬಸ್ಸಿಳಿದು ತೋಟಕ್ಕೆ ಬಂದ. ಬಲಗೈಗೆ ಬಿಳಿಯ ಕಟ್ಟು, ಅದು ಕುತ್ತಿಗೆಯ ಜೋಳಿಗೆಯಲ್ಲಿ. ಬಲಗಡೆಯ ಕಮಾನನ್ನು ಹನುಮಂತರಾಯಪ್ಪ ಮುಗಿಸಿದ್ದ. ಗಾಡಿ ಒಂದು ಕಡೆ ಎತ್ತರ ಒಂದು ಕಡೆ ತಗ್ಗಾಗಿ ಕುಂಟನ ಹಾಗೆ ನಿಂತಿತ್ತು. ಎಡಗಡೆ ಹಾಗೇ ಬಿಟ್ಟರೆ ದೇವರು ಯಾರನ್ನು ಕೇಳುತ್ತಾನೆ, ನನ್ನನ್ನೇ ಕೇಳುವುದು ಎಂದು ಚಿನ್ನಸ್ವಾಮಿ ಕಲ್ಲಿನ ಮೇಲೆ ಕೂತ.

ಕೆಳಗೆ ಹೋಗುವವರು ಯಾರು ಎಂಬ ಮಾತು ಬಂತು. ಒಂದು ಕೈಯವನು ಹೋಗುವಂತಿಲ್ಲ. ಸ್ಪ್ಯಾನರಿನ ಬಲ ಹನುಮಂತರಾಯಪ್ಪನಿಗೆ ಮಾತ್ರ. ವೆಂಕಟರಮಣಪ್ಪನವರ ಹೊಟ್ಟೆ ಅಲ್ಲಿ ಹಿಡಿಯದು. ಶ್ಯಾಮಣ್ಣ ಅಂಗಿ ಬಿಚ್ಚಿ ಮರದ ಕೊಂಬೆಗೆ ಹಾಕಿದ. ಹೊಸ ಜಾಕಿಯ ಹತ್ತಿರ ಚಿನ್ನಸ್ವಾಮಿ ಎಡಗೈ ನೀಡಿಕೊಂಡು ಕೂತ.

ಯಾವ ಭಾಷೆಯಲ್ಲಿ ಹೇಳಿಕೊಳ್ಳುವುದು ಎಂದು ರಾಮಕ್ಕ ಬಾಗಿಲಿನಿಂದಲೇ ಕೇಳಿದಳು. ತಮಿಳು ಬೇಡವೇ ಬೇಡ, ತೆಲುಗೇ ಇರಲಿ ಎಂದರು ವೆಂಕಟರಮಣಪ್ಪನವರು. ಇಳಿಸುವುದಕ್ಕೆ ದಿಂಚು, ಬಿಗಿ ಮಾಡುವುದಕ್ಕೆ ಬಿಗಿಂಚು.

"ಎರಡ್ರದ್ದೂ ಬಾಲ ಒಂದೇ ಐತಲ್ಲ ಯಜಮಾನ್ರೇ," ಎಂದ ಹನುಮಂತರಾಯಪ್ಪ. "ಹೋದ ಸಲ ಕೈ. ಈ ಸಲ ತಲೆ."

ಯಾರೂ ಜೋರಾಗಿ ನಗಲಿಲ್ಲ. ಚಿನ್ನಸ್ವಾಮಿ ಮಾತ್ರ ಮೂಗಿನಲ್ಲಿ ನಕ್ಕ.

ಈ ಸಲ ಮೊದಲು ಕಲ್ಲು ಕೊಟ್ಟರು. ಕೊಟ್ಟ ಕಲ್ಲನ್ನು ಒಬ್ಬೊಬ್ಬರೂ ಕಾಲಿನಿಂದ ಒದ್ದು ನೋಡಿದರು. ಶ್ಯಾಮಣ್ಣ ಕೆಳಗೆ ತೂರಿ ಬೆನ್ನ ಮೇಲೆ ಮಲಗಿದ. ಕೈಯನ್ನು ಕಮಾನಿಗೂ ಚಾಸಿಗೂ ನಡುವೆ ತೂರಿಸಿ ಹೊಸ ಪಟ್ಟಿ ಹಿಡಿದ. ಕಬ್ಬಿಣ ತಣ್ಣಗಿತ್ತು. ಆಚೆ ಒಂದು ಪಕ್ಕದಲ್ಲಿ ಹನುಮಂತರಾಯಪ್ಪನ ಮೊಣಕಾಲು ಕಾಣುತ್ತಿತ್ತು, ಇನ್ನೊಂದು ಪಕ್ಕದಲ್ಲಿ ಚಿನ್ನಸ್ವಾಮಿಯ ಪಾದ. ಎಲ್ಲರೂ ಅವನ ಮಾತಿಗೆ ಕಾಯುತ್ತಿದ್ದರು. ಹುಟ್ಟಿದಾಗಿನಿಂದ ಅವನು ಬೇರೆಯವರ ಮಾತಿಗೆ ಕಾದವನು.

"ಹನುಮಂತರಾಯಪ್ಪಾ," ಎಂದ ಮೊದಲು. ಆಮೇಲೆ, ಒಂದೊಂದು ಅಕ್ಷರವನ್ನೂ ಬಿಡಿಸಿ, "ಬಿಗಿ ಮಾಡು."

ಸ್ಪ್ಯಾನರು ಕಿರುಗುಟ್ಟಿತು. ನಟ್ಟು ತಿರುಗಿತು. ಶ್ಯಾಮಣ್ಣ ಜಾಕಿಯ ಕಡೆಗೆ ಕಿವಿಗೊಟ್ಟ. ಆ ಕಡೆಯಿಂದ ಸದ್ದೇ ಇಲ್ಲ. ಆಮೇಲೆ ಪಾದ ಸರಿಯಿತು, ಮೊಣಕಾಲು ನೆಲಕ್ಕೂರಿತು, ಚಿನ್ನಸ್ವಾಮಿಯ ಮುಖ ತಲೆಕೆಳಗಾಗಿ ಗಾಡಿಯ ಅಡಿಯಲ್ಲಿ ಕಾಣಿಸಿಕೊಂಡಿತು. ಅವನು ಶ್ಯಾಮಣ್ಣನ ತುಟಿಯನ್ನೇ ನೋಡುತ್ತಿದ್ದ.

"ಏನಂದ್ರಿ?"

"ನಿಂಗಲ್ಲ. ಅವ್ನಿಗೆ."

"ಗೊತ್ತು," ಎಂದ ಚಿನ್ನಸ್ವಾಮಿ. ಆದರೂ ಮುಖ ತೆಗೆಯಲಿಲ್ಲ. "ಹೇಳ್ತಾ ಇರಿ."